ಕೊನೆಯದೊಂದು ಡೆನಿಸ್‌ಗೆ

ನಮ್ಮ ಆಬಿ ಅತ್ತೆ ಮೂವತ್ತು ವರ್ಷ ಒಂದು ಹಳ್ಳಿಯ ಹೆಸರನ್ನು ಹುಡುಕಿದಳು. ಅವಳ ಅಪ್ಪ ಐರ್ಲೆಂಡಿನ ಯಾವ ಹಳ್ಳಿಯಿಂದ ಬಂದವನು ಎಂಬುದಷ್ಟೇ ಅವಳಿಗೆ ಬೇಕಾಗಿದ್ದದ್ದು. ಗೊತ್ತಾದರೆ ಅದನ್ನು ಅವನ ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸಬೇಕು. ಬ್ಯೂಟ್‌ ಎಂಬ ಅಮೆರಿಕಾದ ಗಣಿಯೂರಿನ ನಮ್ಮ ಸ್ಮಶಾನದಲ್ಲಿ ಹಳೆಯ ಕಲ್ಲುಗಳೆಲ್ಲ ಹಾಗೆಯೇ ಇವೆ: ಹೆಸರು, ಇಸವಿ, ಅದರ ಕೆಳಗೆ ಹುಟ್ಟಿದ ಊರು. ಗಣಿಯ ಧೂಳು ಕುಡಿದು ಇಪ್ಪತ್ತೈದಕ್ಕೇ ಸತ್ತ ಹುಡುಗರಿಗೂ ಆ ಒಂದು ಸಾಲು ಸಿಕ್ಕಿದೆ. ನಮ್ಮ ತಾತನ ಕಲ್ಲಿನಲ್ಲಿ ಮಾತ್ರ ಆ ಜಾಗ ನುಣ್ಣಗೆ ಖಾಲಿ ಇತ್ತು.

"ನೋಡಿದ್ರೆ ಯಾರೋ ದಿಕ್ಕಿಲ್ಲದೋನ್ನ ತಂದು ಹೂತಂಗಿದೆ ಕಣೋ ಜೆರ್," ಎನ್ನುತ್ತಿದ್ದಳು ಅತ್ತೆ. "ನಾಳೆ ನಾನೂ ಅವನ ಪಕ್ಕದಲ್ಲೇ ಮಲಗೋಳು. ಎಲ್ಲಿಯೋನು ಅಂತ್ಲೂ ಗೊತ್ತಿಲ್ದೆ ಹೋಗಿ ಹೆಂಗೆ ಮಲಗ್ಲಿ?"

ನಾನು ಜೆರ್ ಲೌನಿ, ಅವಳ ಅಣ್ಣನ ಮಗ. ಹೆಂಡತಿ ಬಿಟ್ಟುಹೋದ ಮೇಲೆ ಭಾನುವಾರದ ಊಟಕ್ಕೆ ಅತ್ತೆಯ ಮನೆಗೆ ಹೋಗುತ್ತಿದ್ದೆ. ಊಟ ಬಿಟ್ಟಿ ಏನಲ್ಲ. ತಟ್ಟೆ ಎತ್ತುವವರೆಗೂ ಅವಳ ಹುಡುಕಾಟದ ಕಥೆ ಕೇಳಬೇಕಿತ್ತು. ನನಗೆ ಅದನ್ನು ಕೇಳಿ ಕೇಳಿ ಸಾಕಾಗಿತ್ತು, ಅವಳಿಗೆ ಹೇಳಿ ಹೇಳಿ ಸಾಕಾಗಿತ್ತು. ಆದರೂ ಇಬ್ಬರೂ ಬಿಡಲಿಲ್ಲ.

ಆಬಿ ಅತ್ತೆ ಮದುವೆಯಾದವಳಲ್ಲ. ಚರ್ಚಿನ ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯವೆಲ್ಲ ಹಿಟ್ಟು ಲಟ್ಟಿಸಿ, ಆಲೂಗಡ್ಡೆ, ಮಾಂಸ, ಈರುಳ್ಳಿ ತುಂಬಿ ಪಾಸ್ಟಿ ಬೇಯಿಸಿದಳು. ಈ ಊರಿನ ಅರ್ಧ ಜನ ಅವಳ ಕೈಯ ಪಾಸ್ಟಿ ತಿಂದೇ ದೊಡ್ಡವರಾದವರು. ಸಂಜೆ ಮನೆಗೆ ಬಂದು ತಾಯಿಯ ಸೇವೆ ಮಾಡಿದಳು. ತಾಯಿ ಹೋದ ಮೇಲೆ ನನ್ನಪ್ಪನ ಕೆಮ್ಮಿಗೆ ಎದ್ದಳು, ಕೂತಳು. ಅವನೂ ಹೋದ ಮೇಲೆ ಮಂಡಿ ಹಿಡಿದುಕೊಂಡಿತು, ಕಿವಿ ಮಂದವಾಯಿತು, ಎದೆಯ ಬಡಿತ ತಾಳ ತಪ್ಪಿತು. "ದೇವ್ರು ನನ್ನ ಒಂದೇ ಸಲ ಕರ್ಕೊಳ್ಳಲ್ಲ, ಕಂತಿನಲ್ಲಿ ಕರ್ಕೊಳ್ತಿದ್ದಾನೆ," ಎಂದು ನಗುತ್ತಿದ್ದಳು.

ನಮ್ಮಂಥವರ ಮನೆತನದ ಚರಿತ್ರೆ ಹುಡುಕಲು ಹೊರಟರೆ ಮೊದಲ ತೊಂದರೆ ಎಂದರೆ ಮನೆಯೇ ಇಲ್ಲ. ತಾತ ಈ ಬೆಟ್ಟದ ಹೊಟ್ಟೆಯಲ್ಲಿ ತಾಮ್ರ ಅಗೆದ. ನನ್ನಪ್ಪ ಕಾನ್ ಅದೇ ಹೊಟ್ಟೆಯಲ್ಲಿ ಇನ್ನೂ ಕೆಳಗಿಳಿದು ಅಗೆದ. ನನ್ನ ಕಾಲಕ್ಕೆ ಬೆಟ್ಟವನ್ನು ಮೇಲಿನಿಂದಲೇ ತೆರೆದಿದ್ದರು. ನಾನು ಮನೆಯಷ್ಟು ಎತ್ತರದ ಲಾರಿ ಓಡಿಸಿ ಮಣ್ಣು ಸಾಗಿಸಿದೆ. ಐರಿಷ್ ಜನರ ನಮ್ಮ ಬೀದಿ, ತಾತನ ಮನೆ, ಮೂಲೆಯ ಹೆಂಡದಂಗಡಿ, ಎಲ್ಲವೂ ಆ ಮಣ್ಣಿನಲ್ಲೇ ಹೋದವು. ನಮ್ಮ ಅಡುಗೆಮನೆ ಯಾವ ಲೋಡಿನಲ್ಲಿ ಹೋಯಿತೋ, ಅದನ್ನು ಓಡಿಸಿದವನು ನಾನೇ ಇರಬಹುದು. ಈಗ ಅಲ್ಲಿ ಕೆಂಪು ನೀರು ತುಂಬಿದ ಹೊಂಡ ಇದೆ, ದೂರದವರು ಬಂದು ದುಡ್ಡು ಕೊಟ್ಟು ನೋಡಿ ಹೋಗುತ್ತಾರೆ. ಗಣಿ ಮುಚ್ಚಿದ ಮೇಲೆ ನಾನು ಶಾಲೆಯ ಬಸ್ಸು ಹಿಡಿದೆ.

ಎರಡನೆಯ ತೊಂದರೆ ತಾತನೇ. ಐರ್ಲೆಂಡಿನ ಮಾತೆತ್ತಿದರೆ ಕಲ್ಲಿದ್ದಲ ಬಕೀಟು ಹಿಡಿದು ಹೊರಗೆ ಹೋಗಿಬಿಡುತ್ತಿದ್ದ. "ಸಮುದ್ರದ ಹತ್ರ" ಎಂಬುದಕ್ಕಿಂತ ಒಂದು ಅಕ್ಷರ ಹೆಚ್ಚು ಅವನ ಬಾಯಿಂದ ಬಂದಿರಲಿಲ್ಲ. ಬೇರಾ ಎಂಬ ಕರಾವಳಿಯವನು ಎಂಬುದನ್ನು ಅವನ ಜೊತೆಗಾರರ ಮಾತಿನಿಂದ ಅತ್ತೆ ಹೆಕ್ಕಿಕೊಂಡಿದ್ದಳು. ಆದರೆ ಬೇರಾದಲ್ಲಿ ಲೌನಿಗಳಿಗೇನು ಬರವೇ? ಅಲ್ಲಿ ಮೊದಲ ಗಂಡುಮಗುವಿಗೆ ತಾತನ ಹೆಸರು ಇಡುವ ರೂಢಿ. ಹೀಗಾಗಿ ಮನೆಮನೆಗೂ ನಮ್ಮ ತಾತನಂತೆಯೇ ಒಬ್ಬ ಡೆನಿಸ್ ಲೌನಿ, ಅವನ ಚಿಕ್ಕಪ್ಪನ ಮನೆಯಲ್ಲೂ ಇನ್ನೊಬ್ಬ. ಅತ್ತೆ ಒಬ್ಬ ಡೆನಿಸನ ಬೆನ್ನು ಹತ್ತಿ ಐದಾರು ವರ್ಷ ಹೋಗುವಳು. ಕೊನೆಗೆ ಅವನು ಪಾದ್ರಿಯಾಗಿದ್ದನೆಂದೋ ಹಡಗಿನಲ್ಲೇ ಸತ್ತನೆಂದೋ ತಿಳಿಯುವುದು. ಮತ್ತೆ ಮೊದಲಿಂದ.

ತಾತ ಸತ್ತಾಗ ನನಗೆ ಎಂಟು ವರ್ಷ. ಅವನ ಬಗ್ಗೆ ನನಗೆ ನೆನಪಿರುವುದು ಸಂಜೆಯ ಜಪಸರ. ಊಟವಾದ ಮೇಲೆ ಎಲ್ಲರೂ ಕುರ್ಚಿಗಳ ಮೇಲೆ ಮೊಣಕೈ ಊರಿ ಮಂಡಿ ಹಾಕಬೇಕು. ಐದು ಹತ್ತಿನ ಮಣಿ ಮುಗಿದರೂ ಮುಗಿಯುತ್ತಿರಲಿಲ್ಲ, ಅದಕ್ಕೊಂದು ಬಾಲವಿತ್ತು. ಕಾಯಿಲೆಯವರಿಗೆ ಒಂದು ನಮೋ ಮರಿಯ ಪ್ರಾರ್ಥನೆ, ಗಣಿಯೊಳಗಿರುವ ಪಾಳಿಯವರಿಗೆ ಒಂದು, ಪಕ್ಕದ ಮನೆಯವಳ ಕುಡುಕ ಗಂಡನಿಗೆ ಒಂದು. ಎಲ್ಲರ ಮಂಡಿಯೂ ಉರಿಯುವ ಹೊತ್ತಿಗೆ ತಾತ ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದ: "ಕೊನೆಯದೊಂದು ಡೆನಿಸ್‌ಗೆ. ದೇವ್ರು ಅವನ ಆತ್ಮಕ್ಕೆ ಶಾಂತಿ ಕೊಡ್ಲಿ."

ಡೆನಿಸ್ ಎಂದರೆ ತಾತನೇ! ತನ್ನ ಆತ್ಮಕ್ಕೆ ತಾನೇ ಮುಂಗಡವಾಗಿ ಪ್ರಾರ್ಥನೆ ಕಟ್ಟಿಸಿಕೊಳ್ಳುತ್ತಿದ್ದಾನೆ ಎಂದು ನಾವೆಲ್ಲ ನಂಬಿದ್ದೆವು. "ನಮ್ಮಪ್ಪ ಎಷ್ಟು ಜುಗ್ಗ ಅಂದ್ರೆ, ಸತ್ತ ಮೇಲೆ ನಾವು ಪ್ರಾರ್ಥನೆ ಮಾಡ್ತೀವೋ ಇಲ್ವೋ ಅಂತ ಈಗ್ಲೇ ವಸೂಲಿ ಮಾಡ್ಕೊಳ್ತಾನೆ," ಎಂದು ನನ್ನಪ್ಪ ಅಣಕಿಸುತ್ತಿದ್ದ. ಒಮ್ಮೆ ಹಾಗೆಂದಿದ್ದಕ್ಕೆ ಲಿಜ್ಜಿ ಅಜ್ಜಿ, ಮೀಸೆ ಬಂದ ಮಗನೆಂದೂ ನೋಡದೆ, ಅವನ ಕಪಾಳಕ್ಕೆ ಬಾರಿಸಿದ್ದಳು. ಜಪ ಮುಗಿದ ಮೇಲೆ ತಾತ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಲಗೈ ಹೆಬ್ಬೆರಳಿನಿಂದ ಹಣೆಯ ಮೇಲೆ ಶಿಲುಬೆ ಗೀಚುತ್ತಿದ್ದ. ಗಣಿಗಾರನ ಬೆರಳು, ಅರದಂತೆ ಒರಟು. ಗೀಚಿದ ಮೇಲೂ ಸ್ವಲ್ಪ ಹೊತ್ತು ಹಣೆ ಚುರುಚುರು ಎನ್ನುತ್ತಿತ್ತು.

ಇನ್ನೊಂದು ನೆನಪು ಫ್ಲಾರೆನ್ಸ್. ಮೇ ತಿಂಗಳ ಕೊನೆಯಲ್ಲಿ ಊರಿನವರೆಲ್ಲ ಸಮಾಧಿಗಳಿಗೆ ಹೂವಿಡುವ ದಿನ, ತಾತ ಕಾಫಿ ಡಬ್ಬಿಯಲ್ಲಿ ಲೈಲಾಕ್ ಹೂವು ತುಂಬಿಕೊಂಡು ಎಲ್ಲರಿಗಿಂತ ಮೊದಲು ಒಂದು ಸಣ್ಣ ಕಲ್ಲಿನ ಹತ್ತಿರ ಹೋಗುತ್ತಿದ್ದ. ಅದರ ಮೇಲೆ 'ಫ್ಲಾರೆನ್ಸ್ ಟೋಬಿನ್, 1918' ಎಂದಷ್ಟೇ ಇತ್ತು. ಯಾರು ಅದು ಎಂದರೆ ಡಬ್ಬಿಗೆ ನೀರು ತರಲು ಹೊರಟುಬಿಡುತ್ತಿದ್ದ. ತಾತನ ಹಳೆಯ ಪ್ರೇಯಸಿ ಇರಬೇಕೆಂದು ನಾವು ಮಕ್ಕಳು ತೀರ್ಮಾನಿಸಿದ್ದೆವು. ಅಜ್ಜಿಯೂ ಬಂದು ಸೆರಗಿನಂಥ ಅವಳ ಉದ್ದನೆಯ ಶಾಲಿನಿಂದ ಆ ಕಲ್ಲು ಒರೆಸುತ್ತಿದ್ದಳು. ಸವತಿಯಂಥವಳ ಸಮಾಧಿ ಒರೆಸುವ ಹೆಂಗಸನ್ನು ನಾನು ಇನ್ನೆಲ್ಲೂ ಕಂಡಿಲ್ಲ, ಅವಳನ್ನು ದೊಡ್ಡ ಮನಸ್ಸಿನವಳೆಂದುಕೊಂಡಿದ್ದೆ.

1998ರ ವಸಂತದಲ್ಲಿ ಅತ್ತೆಗೆ ಎಪ್ಪತ್ಮೂರು. ಡಾಕ್ಟರು ಅವಳ ಎದೆಗೆ ಕಿವಿಗೊಟ್ಟು, ಮಾಡಬೇಕಾದ ಕೆಲಸ ಏನಾದರೂ ಇದ್ದರೆ ಮುಂದಕ್ಕೆ ಹಾಕಬೇಡಿ ಎಂದಿದ್ದರು. ಅವಳು ನೇರವಾಗಿ ಕಲ್ಲು ಕೆತ್ತುವ ಎಮಿಲ್‌ನ ಹತ್ತಿರ ಹೋಗಿ, ಹೂವಿಡುವ ದಿನಕ್ಕೆ ಮೊದಲು ಒಂದು ಸಾಲು ಕೆತ್ತುವುದಿದೆ ಎಂದು ಹೇಳಿಬಂದಳು. ಯಾವ ಸಾಲು ಎಂದು ಅವನು ಕೇಳಿದರೆ, "ಅದಿನ್ನೂ ಗೊತ್ತಿಲ್ಲ, ನೀನು ಉಳಿ ಮಸೆದಿಟ್ಟಿರು," ಎಂದಳಂತೆ. ನನಗೆ ಸಿಟ್ಟು ಬಂತು. ಮೂವತ್ತು ವರ್ಷದಲ್ಲಿ ಆಗದ್ದು ಮೂರು ತಿಂಗಳಲ್ಲಿ ಆಗುತ್ತದೆಯೇ?

ಆದರೆ ಆಯಿತು. ಬೇರಾದ ಒಂದು ಚರ್ಚಿಗೆ ಹೊಸ ಪಾದ್ರಿ ಬಂದಿದ್ದರು. ಅತ್ತೆ ಬರೆದ ಕಾಗದವನ್ನು ಅವರು ಭಾನುವಾರದ ಬಲಿಪೂಜೆ ಮುಗಿದ ಮೇಲೆ ಎಲ್ಲರಿಗೂ ಕೇಳುವಂತೆ ಓದಿದರಂತೆ. ಕೊನೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕಿ ಎದ್ದು, "ಅದು ನಮ್ ಡೆನಿಸ್ ಚಿಕ್ಕಪ್ಪ," ಎಂದಳಂತೆ. ಹೆಸರು ಹ್ಯಾನಿ. ಲೌನಿಗಳ ಮನೆಮಗಳು, ವಯಸ್ಸು ಎಂಬತ್ತೈದು. ಪಾದ್ರಿ ಅವಳ ಫೋನ್ ನಂಬರು ಕಳಿಸಿದರು.

ಭಾನುವಾರ ಊಟಕ್ಕೆ ಮೊದಲೇ ಅತ್ತೆ ಫೋನು ಹಚ್ಚಿದಳು. ಅವಳ ಕಿವಿಗೆಂದು ನಾನೇ ತಂದುಕೊಟ್ಟಿದ್ದ ಫೋನು ಅದು, ಇಡೀ ಅಡುಗೆಮನೆಗೆ ಕೇಳುತ್ತದೆ.

"ಯಾರವ್ವಾ? ಅಮೆರಿಕಾದವಳಾ? ಜೋರಾಗಿ ಮಾತಾಡು, ನನ್ ಕಿವಿ ಅಷ್ಟಕ್ಕಷ್ಟೆ."

"ನಂದೂ ಅಷ್ಟೇ ಅಕ್ಕ. ಹಾಗಾದ್ರೆ ನಾವು ನೆಂಟ್ರೇ ಇರ್ಬೇಕು."

ಆ ಕಡೆ ನಗು ಕೇಳಿಸಿತು. ನಾನು ಹ್ಯಾಮ್ ಕತ್ತರಿಸುವುದನ್ನು ಬಿಟ್ಟು ಕೂತೆ. ಹ್ಯಾನಿ ಮಾತಿಗೆ ಕೂತರೆ ಏಳುವ ಪೈಕಿಯಲ್ಲ. ಊರಿನ ಹೆಸರು ಗಾರ್ಟ್‌ನಕಿಲ. ಒಂದೇ ಗುಡ್ಡದ ಮಗ್ಗುಲಲ್ಲಿ ಎರಡೇ ಮನೆ, ನಡುವೆ ಒಂದು ಕಲ್ಲಿನ ಗೋಡೆ. ಈಚೆ ಲೌನಿಗಳು, ಆಚೆ ಟೋಬಿನ್ನರು. ಅತ್ತೆ ಆ ಹೆಸರನ್ನು ಬಾಯಲ್ಲಿ ಸದ್ದಿಲ್ಲದೆ ಎರಡು ಸಲ ಹೇಳಿಕೊಂಡಳು. ಅವಳ ಮುಖ ನೋಡಿ, ಸದ್ಯ ಮುಗಿಯಿತಲ್ಲ ಎಂದು ನನಗೂ ಖುಷಿಯಾಯಿತು.

"ನಮ್ ಡೆನಿಸ್ ಚಿಕ್ಕಪ್ಪನೂ ಆಚೆ ಮನೆ ಫ್ಲಾರೀನೂ ಒಂದೇ ಹಡಗಲ್ಲಿ ಹೋದ್ರು," ಎಂದಳು ಹ್ಯಾನಿ. "ಫ್ಲಾರಿ ಅಂದ್ರೆ ಫ್ಲಾರೆನ್ಸ್. ಪೆಗ್ ಟೋಬಿನ್ನಳ ಒಬ್ನೇ ಮಗ."

"ಮಗಳು," ಎಂದಳು ಅತ್ತೆ.

"ಮಗ ಕಣವ್ವಾ. ಈ ಕಡೆ ಗಂಡು ಹುಡುಗ್ರಿಗೇ ಆ ಹೆಸ್ರು ಇಡೋದು. ಆರಡಿ ಆಳು, ಆ ಮೂತಿಗೆ ಮಗಳು ಅಂದ್ರೆ ಯಾರು ನಂಬ್ತಾರೆ? ಬಾಯಿ ಬೇರೆ ಜೋರು. ಅಲ್ಲಿ ಮುಷ್ಕರದಾಗೆ ಮುಂದೆ ನಿಂತು ಕೂಗಾಡಿ ಕೆಲ್ಸ ಕಳ್ಕೊಂಡ. ಆಮೇಲೆ ಆ ದೊಡ್ಡ ಜ್ವರ ಬಂತಲ್ಲ, ಅದ್ರಲ್ಲಿ ಹೋದ. ಪೆಗ್ಗಮ್ಮ ಅವತ್ತು ಕರಿ ಬಟ್ಟೆ ಹಾಕ್ಕೊಂಡೋಳು ಸಾಯೋವರ್ಗೂ ಬಿಚ್ಲಿಲ್ಲ."

ತಾತನ ಪ್ರೇಯಸಿ ಆರಡಿಯ ಗಂಡಸು! ನನಗೆ ನಗು ಒತ್ತರಿಸಿ ಬಂತು. ಅತ್ತೆ ನಗಲಿಲ್ಲ.

"ನಿನ್ನಪ್ಪನ ಕೈ ಹೆಂಗಿತ್ತವ್ವಾ, ಕೊನೆವರ್ಗೂ ನೋಯ್ತಿತ್ತಾ?" ಎಂದು ಹ್ಯಾನಿ ಕೇಳಿದಳು.

"ಯಾವ ಕೈ ಅಕ್ಕ?"

"ಬಲಗೈ. ಹನ್ನೆರಡು ವರ್ಷದೋನಿದ್ದಾಗ ಇಲ್ಲಿ ಗಣಿ ಹಗ್ಗಕ್ಕೆ ಸಿಕ್ಕಿ ಹೆಬ್ಬೆರಳು ಬುಡಸಮೇತ ಕಿತ್ತೋಗಿತ್ತಲ್ಲ. ಅದಕ್ಕೇ ಅವನು ಪೆನ್ನು ಹಿಡೀಲೇ ಇಲ್ಲ. ಅಲ್ಲಿಂದ ಬರ್ತಿದ್ದ ಕಾಗದ ಎಲ್ಲ ಫ್ಲಾರೀನೇ ಬರ್ಕೊಡ್ತಿದ್ದದ್ದು. ಫ್ಲಾರಿ ಹೋದ ಮೇಲೆ ಯಾರ ಕೈಲಿ ಬರೆಸ್ತಿದ್ನೋ, ಪಾಪ. ಆದ್ರೆ ಒಂದು ಕ್ರಿಸ್ಮಸ್ಸೂ ತಪ್ಪಿಸ್ಲಿಲ್ಲ."

ಅತ್ತೆಯ ಕೈ ತನ್ನಷ್ಟಕ್ಕೆ ಹಣೆಗೆ ಹೋಯಿತು. ಹುಬ್ಬುಗಳ ಮೇಲೆ, ತಾತ ಶಿಲುಬೆ ಗೀಚುತ್ತಿದ್ದ ಜಾಗದಲ್ಲಿ, ಅದು ಹಾಗೇ ನಿಂತಿತು. "ಆಮೇಲೆ ಮಾಡ್ತೀನಕ್ಕ, ಒಲೆ ಮೇಲೆ ಏನೋ ಇಟ್ಟಿದೀನಿ," ಎಂದು ಹೇಳಿ ಫೋನು ಇಟ್ಟಳು. ಒಲೆಯ ಮೇಲೆ ಏನೂ ಇರಲಿಲ್ಲ.

ನಾವು ಊಟ ಮಾಡಲಿಲ್ಲ. ಹ್ಯಾಮ್ ಆರಿ ತಣ್ಣಗಾಯಿತು. ಅತ್ತೆ ಒಂದೊಂದಾಗಿ ಹೇಳುತ್ತಾ ಹೋದಳು, ಮೊದಲು ನನಗಲ್ಲ, ಮೇಜಿಗೆ. ಮುಷ್ಕರದ ನಂತರದ ಕಾಲ ಅದು. ಕಂಪನಿಯ ಚೀಟಿಯಿಲ್ಲದೆ ಯಾವ ಗಣಿಯ ಬಾಗಿಲಲ್ಲೂ ಒಳಗೆ ಬಿಡುತ್ತಿರಲಿಲ್ಲ. ಕೂಗಾಡಿದವರ ಹೆಸರಿಗೆ ಚೀಟಿ ಇಲ್ಲ. ಜ್ವರ ಬಂದಾಗ ಊರಿನಲ್ಲಿ ಜನ ಸೇರುವುದನ್ನು ನಿಲ್ಲಿಸಿದ್ದರು. ನಮ್ಮಲ್ಲಿ ಹೆಣವನ್ನು ಮನೆಯಲ್ಲಿ ಮಲಗಿಸಿ, ಸುತ್ತ ಕೂತು, ಕುಡಿದು, ಅತ್ತು, ನಕ್ಕು ಬೆಳಗು ಮಾಡದೆ ಯಾರನ್ನೂ ಹೂಳಿದವರಲ್ಲ. ಆ ಒಂದು ಶರತ್ಕಾಲ ಮಾತ್ರ ಯಾರ ಮುಖವನ್ನೂ ಯಾರೂ ನೋಡಲಿಲ್ಲ. ಸತ್ತವನು ಯಾರು ಎಂದು ಬಾಡಿಗೆ ಊಟದ ಮನೆಯವರು ಹೇಳಿದ್ದೇ ಹೆಸರು.

"ಆ ಊಟದ ಮನೆ ಅಡುಗೆ ಹುಡುಗಿ ಯಾರು ಗೊತ್ತೇನೋ? ನಮ್ಮಮ್ಮ," ಎಂದಳು ಅತ್ತೆ. "ಸತ್ತಿದ್ದು ಡೆನಿಸ್. ಹೂತಿದ್ದು ಫ್ಲಾರಿ ಅಂತ. ಅವನ ಚೀಟಿ, ಅವನ ಹೆಸ್ರು ಇಟ್ಕೊಂಡು ಬದುಕಿದ್ದು ನಮ್ಮಪ್ಪ. ಅವನು ದಿನಾ ಪ್ರಾರ್ಥನೆ ಮಾಡ್ತಿದ್ದದ್ದು ತನಗಲ್ಲ ಕಣೋ. ನಾವು ಜುಗ್ಗ ಅಂತ ನಗ್ತಿದ್ವಿ."

"ಹಾಗಾದ್ರೆ ನಾವು ಲೌನಿಗಳೇ ಅಲ್ವಾ?" ಎಂದೆ. ನನ್ನ ಧ್ವನಿ ನನಗೇ ಪೆದ್ದುಪೆದ್ದಾಗಿ ಕೇಳಿಸಿತು. "ಐವತ್ತು ವರ್ಷ ಆದ್ಮೇಲೆ ನಾನು ಟೋಬಿನ್ ಅಂತ ಹೊಸದಾಗಿ ಸಹಿ ಕಲೀಬೇಕಾ?"

"ನೀನು ಯಾರಾದ್ರೇನು, ಬಸ್ಸು ಟೈಮಿಗೆ ಬಿಟ್ರೆ ಸಾಕು. ನಂಗಿರೋದು ಬೇರೆ ಚಿಂತೆ. ಆ ಹ್ಯಾನಿಗೆ ಹೇಳ್ಬೇಕು."

ನಾವಿಬ್ಬರೂ ಜಗಳಕ್ಕೆ ಬಿದ್ದೆವು. ಎಂಬತ್ತೈದರ ಮುದುಕಿಗೆ ಈಗ ಇದನ್ನು ಹೇಳಿ ಏನು ಸಾಧಿಸುತ್ತೀಯ ಎಂದೆ. ಊರಿನ ಹೆಸರು ಸಿಕ್ಕಿತಲ್ಲ, ಕೆತ್ತಿಸಿ ಕೈತೊಳೆದುಕೋ ಎಂದೆ. ಅತ್ತೆ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ಅವರ ಮನೇಲಿ ಡೆನಿಸ್‌ನ ಹೆಸರಲ್ಲಿ ಯಾರೂ ಅತ್ತಿಲ್ಲ. ಆ ಅಳು ನಮ್ಮಪ್ಪ ಕದ್ದಿಟ್ಕೊಂಡಿದ್ದಾನೆ. ಅದನ್ನ ಇಟ್ಕೊಂಡು ನಾನು ಅವನ ಪಕ್ಕದಲ್ಲಿ ಮಲಗಲ್ಲ." ಹೀಗೆಂದು ಮೇಜಿನ ಮೇಲೆ ತಲೆಯಿಟ್ಟಳು. "ಸುಸ್ತಾಗೋಗಿದೆ ಕಣೋ ಜೆರ್. ಒಂದು ಊರಿನ ಹೆಸ್ರು ಕೇಳಿದ್ದೆ ಅಷ್ಟೆ. ನಂಗೆ ಇಷ್ಟೆಲ್ಲ ಬೇಕಿರ್ಲಿಲ್ಲ."

ಅವಳು ಹೀಗೆ ಕೈಚೆಲ್ಲಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಅಳು ಬಂತು. ತಾತನ ಮೇಲೆ ವಿಪರೀತ ಕೋಪವೂ ಬಂತು.

ಮತ್ತೆ ಫೋನು ಹಚ್ಚಲು ಅವಳಿಗೆ ಈಸ್ಟರ್ ಕಳೆಯಬೇಕಾಯಿತು. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಸುತ್ತಿ ಬಳಸಿ ಹೇಳುವುದು ಅವಳಿಗೆ ಬಾರದು. "ಅಕ್ಕ, ನನ್ನಪ್ಪನಿಗೆ ಎರಡು ಹೆಬ್ಬೆರಳೂ ಇದ್ವು," ಎಂದು ಶುರುಮಾಡಿ ಪೂರ್ತಿ ಹೇಳಿಬಿಟ್ಟಳು.

ಆ ಕಡೆ ಗಡಿಯಾರದ ಸದ್ದು ಕೇಳುತ್ತಿತ್ತು. ಮುದುಕಿ ಪ್ರಾಣ ಬಿಟ್ಟಳೇನೋ ಎಂದು ನನಗೆ ಭಯವಾಯಿತು.

"ಹಾಗಾದ್ರೆ ಚಿಕ್ಕಪ್ಪನಿಗೆ ಸತ್ತೋರ ಬಲಿಪೂಜೆ ಒಂದೂ ಆಗಿಲ್ಲ," ಎಂದಳು ಹ್ಯಾನಿ ಕೊನೆಗೆ. "ಬದುಕಿದ್ದಾನೆ ಅಂತ ನಾವು ಮಾಡಿಸ್ಲಿಲ್ಲ."

"ಇಲ್ಲಿ ದಿನಾ ಪ್ರಾರ್ಥನೆ ಆಗಿದೆ ಅಕ್ಕ. ಅಪ್ಪ ಒಂದು ದಿನಾನೂ ಬಿಡ್ಲಿಲ್ಲ. ಅಪ್ಪ ಹೋದ ಮೇಲೆ ನಾನೂ ಬಿಟ್ಟಿಲ್ಲ. ಯಾರಿಗೆ ಅಂತ ಗೊತ್ತಿಲ್ದೇನೇ ಹೇಳಿದೀನಿ, ಆದ್ರೆ ಡೆನಿಸ್‌ಗೆ ಅಂತ್ಲೇ ಹೇಳಿದೀನಿ."

ಆಮೇಲೆ ಹ್ಯಾನಿ, ಯಾರಿಗೋ ಅಲ್ಲ ತನಗೇ ಎಂಬಂತೆ, "ಅದಕ್ಕೇ ಟೀ!" ಎಂದಳು.

"ಏನಕ್ಕ?"

"ಪ್ರತೀ ಕಾಗದದ ಕೊನೇಲಿ ಒಂದು ಮಾತು ಇರೋದು ಕಣವ್ವಾ. ಮೇಷ್ಟ್ರು ಓದ್ತಿದ್ರು, ನಾನು ಚಿಕ್ಕೋಳು, ಅಜ್ಜಿ ತೊಡೆ ಮೇಲೆ ಕೂತು ಕೇಳ್ತಿದ್ದೆ. 'ಕಳಿಸಿದ ದುಡ್ಡಲ್ಲಿ ಗೋಡೆಯಾಚೆ ಪೆಗ್ಗಮ್ಮನಿಗೆ ಒಳ್ಳೆ ಟೀ ಕೊಡ್ಸು, ಸತ್ತ ಅವಳ ಮಗನ ನೆನಪಿಗೆ.' ಅಜ್ಜಿ ನನ್ ಕೈಲಿ ಪೊಟ್ಟಣ ಕೊಟ್ಟು ಕಳಿಸೋಳು. ನಾನು ಗೋಡೆ ಹತ್ತಿ ಇಳಿದು ಕೊಟ್ಟು ಬರ್ತಿದ್ದೆ. ಪೆಗ್ಗಮ್ಮ ಪ್ರತೀ ಸಲಾನೂ ಒಂದೇ ಮಾತು ಹೇಳೋಳು: 'ನಿಮ್ ಡೆನಿಸ್ ಬಲು ಒಳ್ಳೇವ್ನು. ಹೆತ್ತರೆ ಅಂಥವನ್ನ ಹೆರಬೇಕು.'"

ಅತ್ತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ನಮ್ಮಜ್ಜಿಗೆ ಅವಳ ಮುಂದೆ ನಿಲ್ಲೋಕೇ ಸಂಕೋಚ. ತನ್ನ ಮಗ ಬದುಕಿದ್ದಾನೆ, ಅವಳ ಮಗ ಮಣ್ಣಾದ ಅಂತ. ಸಂಜೆ ಹೋಗಿ ಅವಳ ಪಕ್ಕ ಕೂತು ಸಮಾಧಾನ ಮಾಡಿ ಬರೋಳು. ಯಾರು ಯಾರಿಗೆ ಸಮಾಧಾನ ಮಾಡಿದ್ರು ನೋಡವ್ವಾ!" ಹ್ಯಾನಿಯ ಧ್ವನಿ ಒಡೆಯಿತು. "ಪೆಗ್ಗಮ್ಮ ಮೊದ್ಲು ಹೋದ್ಲು. ನಂಗಾಗ ಹದಿನೇಳು. ಅಜ್ಜಿ ಮೇಷ್ಟ್ರ ಕೈಲಿ ಬರೆಸಿದ್ಲು. ಜವಾಬಲ್ಲಿ ಇದ್ದದ್ದು ಒಂದೇ ಮಾತು: 'ಅವಳ ಸಮಾಧಿ ಮೇಲೆ ಕಳೆ ಬೆಳೀದಂಗೆ ನೋಡ್ಕೋ.' ಅಜ್ಜಿ ಗೊಣಗಿದ್ಲು, ಹೆತ್ತ ತಾಯಿ ಹೆಂಗಿದ್ದೀಯ ಅಂತ ಒಂದ್ ಮಾತು ಕೇಳ್ಲಿಲ್ಲ ನೋಡು, ಅಂತ."

ಅತ್ತೆ ಆಗ ಐದು ವರ್ಷದವಳು. ಒಂದು ದಿನ ಅಪ್ಪ ಕೆಲಸಕ್ಕೆ ಹೋಗದೆ ಕಲ್ಲಿದ್ದಲ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದದ್ದು, ಅಮ್ಮ ಯಾರನ್ನೂ ಒಳಗೆ ಬಿಡದೆ ಹೊರಗೆ ಕಾವಲು ನಿಂತಿದ್ದದ್ದು ಅವಳಿಗೆ ನೆನಪಿತ್ತು. ಅಪ್ಪನಿಗೆ ಹಲ್ಲುನೋವು ಎಂದು ಅಮ್ಮ ಹೇಳಿದ್ದಳಂತೆ. ಅದನ್ನು ಅತ್ತೆ ಫೋನಿನಲ್ಲಿ ಹೇಳಿದಳು, ಹೇಳಿ ಅತ್ತಳು. ಇಬ್ಬರು ಮುದುಕಿಯರೂ ಸಮುದ್ರದ ಎರಡು ದಂಡೆಗಳಲ್ಲಿ ಕೂತು ಅತ್ತರು. ನಾನು ಎದ್ದು ಕಿಟಕಿಯ ಹತ್ತಿರ ಹೋದೆ.

"ಇನ್ನು ಮೇಲೆ ನಿಮ್ಮನ್ನ ಅಕ್ಕ ಅನ್ನೋ ಹಕ್ಕಿಲ್ಲ ನಂಗೆ," ಎಂದಳು ಅತ್ತೆ ಕೊನೆಯಲ್ಲಿ.

"ಸುಮ್ನಿರೇ. ಗೋಡೆ ಬಿದ್ದು ಎಷ್ಟೋ ವರ್ಷ ಆಯ್ತು. ಈಗ ಎರಡು ಮನೆಗೂ ಒಂದೇ ಕುರಿ ಮಂದೆ ನುಗ್ತದೆ."

ಮೇ ತಿಂಗಳಲ್ಲಿ ಐರ್ಲೆಂಡಿನಿಂದ ಒಂದು ಸಣ್ಣ ಪಾರ್ಸಲ್ ಬಂತು. ಒಳಗೆ ಬರಹ ಏನೂ ಇರಲಿಲ್ಲ, ಒಂದು ಪೊಟ್ಟಣ ಟೀ ಮಾತ್ರ. ಅತ್ತೆ ಅದನ್ನು ಮೂಸಿ ನೋಡಿ ಕಪಾಟಿನಲ್ಲಿ ಕನ್ಯಾಮರಿಯಳ ಪ್ರತಿಮೆಯ ಪಕ್ಕ ಇಟ್ಟಳು.

ಹೂವಿಡುವ ದಿನದ ಹಿಂದಿನ ಶನಿವಾರ ನಾನು ಅವಳನ್ನು ಸ್ಮಶಾನಕ್ಕೆ ಕರೆದೊಯ್ದೆ. ಗಾಳಿ ಚಳಿ ಚಳಿಯಾಗಿ ಬೀಸುತ್ತಿತ್ತು, ಲೈಲಾಕ್ ಆಗಷ್ಟೇ ಮೊಗ್ಗು ಒಡೆದಿತ್ತು. ಎಮಿಲ್ ಉಳಿ ಸುತ್ತಿಗೆ ಹಿಡಿದು ತಾತನ ಕಲ್ಲಿನ ಹತ್ತಿರ ಕಾಯುತ್ತಿದ್ದ. ನಾನು ಅವನಿಗೆ ಮೊದಲೇ ಕಥೆ ಹೇಳಿದ್ದೆ.

"ಹೆಸ್ರು ಬದಲಾಯಿಸ್ಬೇಕಾ ಆಬಿಯಮ್ಮ?" ಎಂದು ಕೇಳಿದ. "ಕಷ್ಟ ಏನಿಲ್ಲ. ಎರಡು ಕಲ್ಲೂ ಎತ್ತಿ ಅದಲು ಬದಲು ಇಟ್ರಾಯ್ತು. ಆಗ ಇಸವಿಗಳು ತಪ್ಪಾಗ್ತವೆ, ಅವನ್ನ ಉಜ್ಜಿ ತೆಗೀಬೇಕು ಅಷ್ಟೆ."

ಅತ್ತೆ ಕಲ್ಲಿನ ಆ ಖಾಲಿ ಜಾಗದ ಮೇಲೆ ಕೈಯಾಡಿಸಿದಳು. ಮೂವತ್ತು ವರ್ಷ ಅವಳು ಕಾದದ್ದು ಈ ಗಳಿಗೆಗೆ. ಆದರೆ ಅವಳ ಮುಖದಲ್ಲಿ ದಣಿವಲ್ಲದೆ ಬೇರೇನೂ ಕಾಣಲಿಲ್ಲ.

"ಬೇಡಪ್ಪ. ನಮ್ಮಮ್ಮ ಆ ಹೆಸರಿನವನನ್ನೇ ಮದುವೆಯಾದ್ಲು. ನಮ್ಮಣ್ಣನೂ ಆ ಹೆಸ್ರು ಇಟ್ಕೊಂಡೇ ಸತ್ತ. ಹೆಸ್ರು ಅದೇ ಇರ್ಲಿ. ಊರು ಮಾತ್ರ ಕೆತ್ತು. ಎರಡು ಕಲ್ಲಿಗೂ ಒಂದೇ ಸಾಲು: ಗಾರ್ಟ್‌ನಕಿಲದವನು."

ಎಮಿಲ್ ಎರಡು ಕಲ್ಲೂ ಮುಗಿಸುವವರೆಗೆ ನಾವು ಕಾರಿನಲ್ಲಿ ಕೂತೆವು. ಆಮೇಲೆ ಅತ್ತೆ ಇಳಿದು ಫ್ಲಾರೆನ್ಸ್ ಟೋಬಿನ್ನನ ಸಣ್ಣ ಕಲ್ಲಿನ ಮುಂದೆ ನಿಂತಳು. ಮಂಡಿಯೂರಲು ಆಗುವುದಿಲ್ಲವಾದ್ದರಿಂದ ನನ್ನ ತೋಳು ಹಿಡಿದೇ ನಿಂತಳು. ಇಡೀ ಜಪಸರ ಹೇಳಿದಳು, ಬಾಲವನ್ನೂ ಬಿಡಲಿಲ್ಲ. ನನ್ನ ಕಾಲು ಮರಗಟ್ಟಿತು. "ಕೊನೆಯದೊಂದು ಡೆನಿಸ್‌ಗೆ," ಎಂದು ಹೇಳಿ ಬಗ್ಗಿ, ಹೊಸದಾಗಿ ಕೆತ್ತಿದ ಸಾಲಿನ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಗೀಚಿದಳು. ಕಲ್ಲಿನ ಪುಡಿ ಬೆರಳಿಗೆ ಅಂಟಿತು.

ಅಲ್ಲಿಂದ ತಾತನ ಕಲ್ಲಿಗೆ ಬಂದೆವು. ಅವನ ತಾಯಿ ಪೆಗ್ಗಮ್ಮ ಅವನಿಗಾಗಿ ಸತ್ತವರ ಪೂಜೆಗಳನ್ನೆಲ್ಲ ಮಾಡಿಸುವಾಗ ಅವನು ಇಲ್ಲಿ ಗಣಿಗೆ ಇಳಿದು ಹತ್ತಿ ಬದುಕಿದ್ದ. ನಿಜವಾಗಿ ಸತ್ತ ಮೇಲೆ ಅವನ ಸ್ವಂತ ಹೆಸರಿನಲ್ಲಿ ಒಬ್ಬರೂ ಒಂದು ನಮೋ ಮರಿಯ ಹೇಳಿರಲಿಲ್ಲ. ನನ್ನ ಕೋಪ ಅಲ್ಲಿಯವರೆಗೂ ಪೂರ್ತಿ ಇಳಿದಿರಲಿಲ್ಲ. ಆ ಮಾತು ಹೊಳೆದ ಮೇಲೆ ಇಳಿಯಿತು. ಅತ್ತೆ ಬಾಯಿ ತೆರೆದಳು, ಆ ಹೆಸರು ಅವಳ ಬಾಯಿಗೆ ಬರಲಿಲ್ಲ. ಅಪ್ಪನನ್ನು ಅವಳು ಹಾಗೆ ಎಂದೂ ಕರೆದವಳಲ್ಲ.

"ನೀನು ಹೇಳೋ," ಎಂದಳು ನನಗೆ.

ನಾನು ಚರ್ಚಿಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಟೋಪಿ ತೆಗೆದು ಹೇಳಿದೆ: "ಕೊನೆಯದೊಂದು ಫ್ಲಾರಿಗೆ."

ಪ್ರಾರ್ಥನೆ ನಡುವೆ ಎರಡು ಕಡೆ ಮರೆತೆ, ಅವಳು ಎತ್ತಿಕೊಟ್ಟಳು. ಮುಗಿದ ಮೇಲೆ ಅವಳು ಕೈಚೀಲದಿಂದ ಫ್ಲಾಸ್ಕು ತೆಗೆದಳು. ಮುಚ್ಚಳ ತೆರೆದಾಗ ಗೊತ್ತಾಯಿತು, ಬೆಳಿಗ್ಗೆ ಆ ಟೀ ಪೊಟ್ಟಣ ಒಡೆದಿದ್ದಳು. ಮೊದಲ ಲೋಟವನ್ನು ತಾತನ ಕಲ್ಲಿನ ಬುಡಕ್ಕೆ, ಒಂದು ಹನಿಯೂ ಉಳಿಸದೆ, ನಿಧಾನವಾಗಿ ಸುರಿದಳು.

"ನಿನ್ನಮ್ಮನ ಪಾಲು ವಾಪಸ್ ಬಂದಿದೆ, ಕುಡಿಯಪ್ಪ," ಎಂದಳು.

ಉಳಿದದ್ದನ್ನು ನಾವಿಬ್ಬರೂ ಒಂದೇ ಮುಚ್ಚಳದಲ್ಲಿ ಹಂಚಿಕೊಂಡು ಕುಡಿದೆವು. ತುಂಬಾ ಕಡು ಇತ್ತು. ಗಾಳಿ ಜೋರಾಯಿತು. ಅತ್ತೆ ತಾತನ ಪಕ್ಕದ ಖಾಲಿ ಜಾಗವನ್ನು ಒಮ್ಮೆ ನೋಡಿದಳು, ಆಮೇಲೆ ಶಾಲು ಬಿಗಿದುಕೊಂಡು ನನ್ನ ತೋಳು ಹಿಡಿದಳು.

"ನಡಿಯೋ, ಮನೆಗೆ ಹೋಗೋಣ. ಮಂಡಿ ಹಿಡ್ಕೊಂಡಿದೆ."